ಅಗಸೆ ಎಣ್ಣೆ

"ಒಳಗಿಡೋದಾ, ಹೊರಗಿಡೋದಾ?" ಎಂದು ಅಂಗಡಿಯ ಶೀನಣ್ಣ ಆಂಜಿನಯ್ಯನನ್ನು ಕೇಳಿದ. ನಗರ್ತಪೇಟೆಯ ಆ ಬಣ್ಣದ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿರಲಿಲ್ಲ. ಹಿಂದಿನಿಂದ ಯಾರದೋ ಕೈಯಲ್ಲಿದ್ದ ಡಬ್ಬದ ಅಂಚು ಅವನ ಬೆನ್ನಿಗೆ ಒತ್ತುತ್ತಿತ್ತು. ಊಟದ ಬಿಡುವಿನಲ್ಲಿ ಕಚೇರಿಯಿಂದ ನಡೆದೇ ಬಂದಿದ್ದ. ಅಂಗಿಯ ಕಾಲರು ಕತ್ತಿಗೆ ಅಂಟಿಕೊಂಡಿತ್ತು. ಒಂದು ಡಬ್ಬ ವಾರ್ನಿಷ್, ಮರ ಉಜ್ಜಲು ಎರಡು ಹಾಳೆ ಉಪ್ಪುಕಾಗದ, ಒಂದು ಬ್ರಷ್ ಎಂದು ಹೆಂಡತಿ ಗಂಗರತ್ನಮ್ಮ ಹೇಳಿಕಳಿಸಿದ್ದನ್ನು ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಂಡು ಬಂದಿದ್ದ. ಅಷ್ಟನ್ನು ಹೇಳಿ ಸಾಮಾನು ತೆಗೆದುಕೊಂಡು ಹೋಗಿಬಿಡಬಹುದೆಂದುಕೊಂಡಿದ್ದ. ಒಳಗೆ ಹೊರಗೆ ಎಂಬ ಪ್ರಶ್ನೆ ಬಂದೀತೆಂದು ಎಣಿಸಿರಲಿಲ್ಲ. ಹೊರಗೆ, ಎಂದ. ಬೆಂಚು. ತೇಗದ್ದು. ಅಷ್ಟಕ್ಕೆ ಬಿಡದೆ ಶೀನಣ್ಣ ಬಿಸಿಲು ಬೀಳುತ್ತದೆಯೇ ಎಂದು ಕೇಳಿದ. ಮಧ್ಯಾಹ್ನದವರೆಗೂ ಬೀಳುತ್ತದೆ. ಮಳೆ? ಅದೂ ಬೀಳುತ್ತದೆ. ಸುಮ್ಮನೆ ಅಂದಕ್ಕೆ ಇಟ್ಟದ್ದೋ, ಯಾರಾದರೂ ಕೂರುತ್ತಾರೋ? ಕೂರುತ್ತಾರೆ, ಎಂದ ಆಂಜಿನಯ್ಯ. ಯಾರು ಎಂದು ಅಂಗಡಿಯವನು ಕೇಳಲಿಲ್ಲ, ಅದು ಅವನಿಗೆ ಬೇಕಾಗಿಯೂ ಇರಲಿಲ್ಲ. ಆದರೂ ಆಂಜಿನಯ್ಯ, ಮನೆಯವರೇ, ಎಂದು ಸೇರಿಸಿದ. ಸೇರಿಸಿದ ಮೇಲೆ ಮುಖ ಬಿಸಿಯಾಯಿತು.

ಶೀನಣ್ಣ ಅರವತ್ತು ದಾಟಿದ ಮನುಷ್ಯ. ಉಗುರುಗಳ ಸುತ್ತ ಯಾವುದೋ ಕಾಲದ ಹಸಿರು ಬಣ್ಣ ಉಳಿದುಕೊಂಡಿತ್ತು. ಅವನು ಆತುರವಿಲ್ಲದೆ ವಿವರಿಸಿದ. ಫ್ರೆಂಚ್ ಪಾಲಿಷ್ ಹೊರಗಿನ ಮರಕ್ಕಲ್ಲ, ನೀರು ಬಿದ್ದರೆ ಬೆಳ್ಳಗೆ ಮಚ್ಚೆ ಬೀಳುತ್ತದೆ. ಟಾರೆಣ್ಣೆ ಬಳಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ, ಆದರೆ ಕೂತವರ ಬಟ್ಟೆಗೂ ಹತ್ತುತ್ತದೆ, ವಾಸನೆ ಬೇರೆ. ಬಣ್ಣ ಬಳಿದರೆ ಮರವೇ ಕಾಣುವುದಿಲ್ಲ, ತೇಗಕ್ಕೆ ಬಣ್ಣ ಬಳಿಯಲು ಯಾರಿಗೂ ಮನಸ್ಸು ಬಾರದು. ಉಳಿದದ್ದು ಎರಡು. "ವಾರ್ನಿಷ್ ಮೇಲ್ಗಡೆ ನಿಂತ್ಕೊಳ್ಳತ್ತೆ ಸ್ವಾಮಿ. ಇವತ್ತು ಹೊಡೆದ್ರೆ ನಾಳೆ ಕೂತ್ಕೋಬಹುದು, ಪಳಪಳ ಅನ್ನತ್ತೆ. ಬಿಸಿಲಿಗೆ ಒಂದು ವರ್ಷ. ಆಮೇಲೆ ಸಿಪ್ಪೆ ಏಳತ್ತೆ, ಅದರ ಕೆಳಗೆ ನೀರು ಇಳಿಯತ್ತೆ. ಎಣ್ಣೆ ಹಂಗಲ್ಲ, ಒಳಗೆ ಹೋಗತ್ತೆ. ಕಾಯಿಸಿದ ಅಗಸೆ ಎಣ್ಣೆ. ಹೊಳಪು ಬರಲ್ಲ. ಒಂದು ಕೈ ಬಳಿದದ್ದು ಒಣಗೋಕೆ ಎರಡು ಮೂರು ದಿನ, ಎರಡು ಕೈ ಬೇಕು. ತಾಳ್ಮೆ ಇದ್ರೆ ತಗೊಳ್ಳಿ." ಹೀಗೆಂದವನು, ಇಷ್ಟೆಲ್ಲ ಯಾಕೆ, ಒಳಗೆ ತಂದಿಟ್ಟುಕೊಂಡರೆ ಒಂದು ಬಟ್ಟೆಯಲ್ಲಿ ಮೇಣ ಉಜ್ಜಿದರೂ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎಂದ.

ಅಂದು ಬುಧವಾರ. ಭಾನುವಾರ ನಾಲ್ಕು ಗಂಟೆಗೆ ಮಗಳು ಗೌತಮಿಯನ್ನು ನೋಡಲು ಮಲ್ಲೇಶ್ವರದಿಂದ ಗಂಡಿನ ಕಡೆಯವರು ಬರುವವರಿದ್ದರು. ಆಂಜಿನಯ್ಯ ಬೆರಳು ಮಡಿಸದೆಯೇ ಲೆಕ್ಕ ಹಾಕಿದ. ಗುರುವಾರ ಒಂದು ಕೈ, ಶನಿವಾರ ಇನ್ನೊಂದು. ಭಾನುವಾರ ಆ ಬೆಂಚಿನ ಮೇಲೆ ಯಾರೂ ಕೂರುವಂತಿರುವುದಿಲ್ಲ. ಎಣ್ಣೆಯನ್ನೇ ಕೊಡಿ, ಎಂದು ತಾನು ಹೇಳಿದ್ದು ಬೇರೆ ಯಾರೋ ಹೇಳಿದಂತೆ ಕೇಳಿಸಿತು. ಶೀನಣ್ಣ ಎಣ್ಣೆಯ ಡಬ್ಬ, ಬೆರೆಸಲು ಒಂದು ಸಣ್ಣ ಸೀಸೆ ಟರ್ಪೆಂಟೈನು, ಹಳೆಯ ಸುದ್ದಿಪತ್ರಿಕೆಯಲ್ಲಿ ಸುತ್ತಿದ ಉಪ್ಪುಕಾಗದ ಕೊಟ್ಟ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನಗೆ ತಾನೇ ಬೆಂಕಿ ಹತ್ತಿಕೊಂಡೀತು, ಹರವಿ ಒಣಗಿಸಿ ಎಂದು ಎರಡು ಸಲ ಹೇಳಿದ.

ಸಂಜೆ ಬಸ್ಸಿನಲ್ಲಿ ಡಬ್ಬವನ್ನು ಎದೆಗವಚಿಕೊಂಡು ನಿಂತಾಗ, ಮರಕ್ಕೆ ಒಳ್ಳೆಯದಾಗಲೆಂದೇ ಎಣ್ಣೆ ತೆಗೆದುಕೊಂಡೆ ಎಂದು ತನಗೇ ಹೇಳಿಕೊಂಡ. ಹಾಗೆ ಹೇಳಿಕೊಳ್ಳುವುದರಲ್ಲಿ ಅವನಿಗೆ ಅಭ್ಯಾಸವಿತ್ತು. ಎನ್.ಆರ್. ಕಾಲೋನಿಯಲ್ಲಿ ಮನೆ ಹಿಡಿದು ಒಂಬತ್ತು ವರ್ಷ. ಮಾಲೀಕರಾಗಿದ್ದ ನಿವೃತ್ತ ಹೆಡ್‌ಮಾಸ್ತರು ಜಾತಿಯನ್ನಾಗಲಿ ಏನನ್ನಾಗಲಿ ಕೇಳದೆ ಬೀಗದ ಕೈ ಕೊಟ್ಟಿದ್ದರು. ಅಕ್ಕಪಕ್ಕದವರೂ ಏನೂ ಕೇಳಲಿಲ್ಲ; ಅವರು ಕೇಳಬೇಕಾದ್ದನ್ನೆಲ್ಲ ಕೊಳಾಯಿಯ ಹತ್ತಿರ, ಬಟ್ಟೆಯ ತಂತಿಯ ಹತ್ತಿರ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಮನೆ ಹಿಡಿದ ವಾರವೇ, ಅವರ ಜೊತೆಯಲ್ಲೇ ಇರುವ ಅಕ್ಕ ಸಿದ್ದಮ್ಮ ಈ ಬೆಂಚನ್ನು ತಂದಿದ್ದಳು. ಚಾಮರಾಜಪೇಟೆಯಲ್ಲಿ ಒಂದು ಹಳೆಯ ಮನೆ ಒಡೆಯುತ್ತಿದ್ದರಂತೆ. ಆ ಮನೆಯ ಮುಂದಿನ ರಸ್ತೆಯನ್ನು ಅವಳು ಹತ್ತೊಂಬತ್ತು ವರ್ಷ ಗುಡಿಸಿದ್ದಳು. ಆ ಮನೆಯ ಅಜ್ಜಿ, ಏನು ಬೇಕೋ ತಗೊಂಡು ಹೋಗು ಸಿದ್ದಮ್ಮ, ಅಂದರಂತೆ. ಅವಳು ಬಾಗಿಲ ಚೌಕಟ್ಟಿನ ತೇಗದ ತುಂಡುಗಳನ್ನು ಕೇಳಿ, ಬಡಗಿಯ ಕೈಯಲ್ಲಿ ಬೆಂಚು ಮಾಡಿಸಿ, ಕಾರ್ಪೊರೇಷನ್ನಿನ ಕೈಗಾಡಿಯಲ್ಲಿ ತಾನೇ ತಳ್ಳಿಕೊಂಡು ಬಂದಿದ್ದಳು. ಹೊಸ ಮನೆಗೆ ನನ್ನದೂ ಒಂದು ಇರಲಿ ಅಂತ, ಎಂದಿದ್ದಳು. ಆ ಕೈಗಾಡಿ ಗೇಟಿನ ಮುಂದೆ ನಿಂತದ್ದನ್ನು ಎದುರು ಮನೆಯವರು ನೋಡಿದರೆಂದು ಗಂಗರತ್ನಮ್ಮ ಎರಡು ದಿನ ಮಾತು ಬಿಟ್ಟಳು. ಬೆಂಚು ಒಳಗೆ ಹಾಲಿನಲ್ಲಿ ಹಿಡಿಸುವುದಿಲ್ಲ ಎಂದು ತೀರ್ಮಾನವಾಗಿ ಬಾಗಿಲ ಹೊರಗೇ ಉಳಿಯಿತು. ಅಳೆದು ನೋಡಿರಲಿಲ್ಲ.

ಮನೆಗೆ ಬಂದವನೇ ಬೆಳಕಿರುವಾಗಲೇ ಬೆಂಚನ್ನು ಉಜ್ಜಲು ಕೂತ. ಮರ ಬೂದಿಬಣ್ಣಕ್ಕೆ ತಿರುಗಿತ್ತು. ಮೇಲ್ಮೈಯಲ್ಲಿ ಕೂದಲೆಳೆಯಂಥ ಸೀಳುಗಳು. ಕಾಲುಗಳ ಬುಡದಲ್ಲಿ ನೀರು ನಿಂತು ಕಪ್ಪಾಗಿ, ಉಗುರಿನಿಂದ ಒತ್ತಿದರೆ ಮೆತ್ತಗಾಗುತ್ತಿತ್ತು. ಎಡತುದಿಯಲ್ಲಿ ಮಾತ್ರ, ಒಬ್ಬರು ಕೂರುವಷ್ಟು ಅಗಲಕ್ಕೆ, ಮರ ನುಣುಪಾಗಿ ಕಂದುಬಣ್ಣವನ್ನು ಉಳಿಸಿಕೊಂಡಿತ್ತು. ಆ ಜಾಗಕ್ಕೆ ಬಂದಾಗ ಆಂಜಿನಯ್ಯನ ಕೈ ನಿಧಾನವಾಯಿತು. ಸಿದ್ದಮ್ಮ ಬಾಗಿಲ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಮರದ ಎಳೆ ನೋಡಿಕೊಂಡು ಉಜ್ಜು, ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ ಎಂದಳು. ಅವನು ಎಳೆ ನೋಡಿಕೊಂಡು ಉಜ್ಜಿದ. ಅಪ್ಪ ಸತ್ತಾಗ ಅವನಿಗೆ ಒಂಬತ್ತು, ಅವಳಿಗೆ ಹದಿನೆಂಟು. ಬೆಳಗಿನ ಐದಕ್ಕೆ ಪೊರಕೆ ಹಿಡಿದು ಹೋಗಿ ಹತ್ತಕ್ಕೆ ಬಂದು, ಕೈತೊಳೆದು, ಅವನ ಸ್ಲೇಟು ಒರೆಸಿಕೊಡುತ್ತಿದ್ದಳು. ಆ ಕೈಗಳಿಗೆ ಯಾವಾಗಲೂ ಒದ್ದೆ ಧೂಳಿನ ವಾಸನೆ. ಹೈಸ್ಕೂಲಿಗೆ ಬಂದ ಮೇಲೆ ಅವನು ಪುಸ್ತಕ, ಚೀಲ, ಎಲ್ಲವನ್ನೂ ಅವಳ ಕೈಗೆ ಕೊಡದೆ ತಾನೇ ಎತ್ತಿಟ್ಟುಕೊಳ್ಳಲು ಕಲಿತ. ಅದನ್ನು ಅವಳು ಹುಡುಗನಿಗೆ ಜವಾಬ್ದಾರಿ ಬಂತು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದಳು.

ಗುರುವಾರ ಬೆಳಿಗ್ಗೆ ಮೊದಲ ಕೈ ಎಣ್ಣೆ ಹಚ್ಚಿದ. ಬೂದಿ ಮರ ಎಣ್ಣೆಯನ್ನು ಬಾಯಾರಿದವರಂತೆ ಕುಡಿಯಿತು. ಹಚ್ಚಿದ ಜಾಗ ನೋಡನೋಡುತ್ತಿದ್ದಂತೆ ಕಂದಾಗಿ, ಒಳಗಿನ ಗೆರೆಗಳೆಲ್ಲ ಎದ್ದು ಬಂದವು. ಗಂಗರತ್ನಮ್ಮ ಹೊರಗೆ ಬಂದು ಬೆರಳಿಟ್ಟು ನೋಡಿ, ಇದೇನು ಹೊಳಪೇ ಇಲ್ಲ, ವಾರ್ನಿಷ್ ಎಲ್ಲಿ ಎಂದಳು. ಇದೇ ಒಳ್ಳೆಯದಂತೆ, ಎಂದ. ಯಾವಾಗ ಒಣಗುತ್ತದೆ ಎಂದಾಗ, ಒಣಗುತ್ತದೆ, ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದ.

ಬೆಂಚು ಒದ್ದೆಯಾಗಿರುವಾಗ ಅಕ್ಕ ಇನ್ನು ಒಳಗೆ ಬರಲೇಬೇಕು ಎಂಬುದು ಅವನ ಎಣಿಕೆ. ಬಂದಳು ಕೂಡ. ಆದರೆ ಹಾಲಿನಲ್ಲಿ ನಾಲ್ಕು ಬೆತ್ತದ ಕುರ್ಚಿಗಳಿದ್ದರೂ ಅವಳು ಕೂತದ್ದು ಅಡುಗೆಮನೆಗೂ ಹಾಲಿಗೂ ನಡುವಿನ ಓಣಿಯಲ್ಲಿ, ಗೋಡೆಗೊರಗಿ, ನೆಲದ ಮೇಲೆ. ಅಲ್ಲಿ ಯಾರು ಹಾದುಹೋದರೂ ಅವಳು ಕಾಲು ಮಡಿಸಿಕೊಳ್ಳಬೇಕಾಗುತ್ತಿತ್ತು. ಸಂಜೆ ಅವನು ಪತ್ರಿಕೆ ಓದುವವನ ಹಾಗೆ ಮಾಡುತ್ತ ನೋಡಿದ. ಗೇಟಿನ ಚಿಲಕ ಸದ್ದಾಯಿತು, ಹಾಲು ತರುವವಳು. ಸಿದ್ದಮ್ಮ ತಟ್ಟನೆ ಎದ್ದು, ಸೆರಗು ಸರಿಮಾಡಿಕೊಂಡು, ಬೇಗ ಬೇಗ ಬಾಗಿಲವರೆಗೂ ಹೋದಳು. ಹೊಸ್ತಿಲಲ್ಲಿ ಒದ್ದೆ ಬೆಂಚನ್ನು ಕಂಡು ನಿಂತಳು. ಒಂದು ಕ್ಷಣ ಎಲ್ಲಿಗೆ ಹೋಗಬೇಕೆಂದು ತಿಳಿಯದವಳಂತೆ ನಿಂತು ಮತ್ತೆ ಓಣಿಗೆ ಬಂದು ಕೂತಳು. ಶುಕ್ರವಾರ ಸಂಜೆ ಅದೇ ಎರಡು ಸಲ ನಡೆಯಿತು, ಒಮ್ಮೆ ಅಂಚೆಯವನಿಗೆ, ಒಮ್ಮೆ ಪಕ್ಕದ ಮನೆಯ ದಾಕ್ಷಾಯಣಮ್ಮ ಕರಿಬೇವು ಕೇಳಲು ಬಂದಾಗ. ಅವಳು ಗಾಳಿಗೆಂದು ಹೊರಗೆ ಕೂರುತ್ತಾಳೆ, ರಸ್ತೆ ನೋಡಿ ಅಭ್ಯಾಸ, ಒಳಗೆ ಕೂತರೆ ಹೊತ್ತು ಹೋಗುವುದಿಲ್ಲ, ಹೀಗೆ ಏಳು ವರ್ಷಗಳಿಂದ ಅವನು ತನಗೆ ತಾನೇ ಹೇಳಿಕೊಂಡಿದ್ದು ಪತ್ರಿಕೆಯ ಹಿಂದೆ ಕೂತಲ್ಲೇ ಕುಸಿಯಿತು. ಬಂದವರ ಕಣ್ಣಿಗೆ ಒಳಗೆ ಕಾಣಬಾರದೆಂದು ಚಿಲಕದ ಸದ್ದಿಗೆ ಅವಳು ಏಳುತ್ತಿದ್ದಳು, ಅಷ್ಟೆ.

ಏಳು ವರ್ಷದ ಹಿಂದೆ, ಎಪ್ಪತ್ತನಾಲ್ಕರಲ್ಲಿ, ಸೆಕ್ಷನ್ ಆಫೀಸರ್ ರಾಮಸ್ವಾಮಿ ಒಂದು ಫೈಲಿನ ನೆಪದಲ್ಲಿ ಮನೆಗೆ ಬಂದಿದ್ದರು. ಹೀಗೆ ಮೇಲಿನವರೊಬ್ಬರು ಅವನ ಮನೆಯ ಕಾಫಿ ಕುಡಿದದ್ದು ಅದೇ ಮೊದಲು. ಲೋಟ ಬಾಯಿಗೆ ಹೋಗುವವರೆಗೂ ಅವನು ಉಸಿರು ಹಿಡಿದಿದ್ದ. ಆಗ ಸಿದ್ದಮ್ಮ ಕೆಲಸ ಮುಗಿಸಿ ಬಂದಳು. ಸೀರೆಯ ಮೇಲೆ ಕಾರ್ಪೊರೇಷನ್ನಿನ ಖಾಕಿ ಕೋಟು, ತಲೆಗೆ ಸುತ್ತಿದ ಬಟ್ಟೆ. ಒಳಗೆ ಕಾಲಿಟ್ಟವಳು ಹೊಸಬರನ್ನು ಕಂಡು ನಕ್ಕಳು. ರಾಮಸ್ವಾಮಿಗಳು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಮಾತಿಗೆ ಮಾತು ಎಂಬಂತೆ, ಕೆಲಸದವರಾ ಎಂದು ಕೇಳಿದರು. ಆಂಜಿನಯ್ಯ ಹೂಂ ಎಂದ. ಪೂರ್ತಿ ಹೂಂ ಕೂಡ ಅಲ್ಲ, ಗಂಟಲಲ್ಲೇ ನಿಂತ ಒಂದು ಸದ್ದು. ಅವಳಿಗೆ ಕೇಳಿಸಿತೋ ಇಲ್ಲವೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ನಗು ಹಾಗೇ ಇಟ್ಟುಕೊಂಡು ಅವಳು ಹಿಂದಕ್ಕೆ ಹೆಜ್ಜೆಯಿಟ್ಟು ಹೊರಗೆ ಹೋಗಿ ಬೆಂಚಿನ ಎಡತುದಿಯಲ್ಲಿ ಕೂತಳು. ಅವರು ಹೋದ ಮೇಲೆ ಅವನು ಅವಳನ್ನು ಊಟಕ್ಕೆ ಕರೆದ. ಬೇರೆ ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಆ ಹೂಂ ನಿಜವಾಗಿಬಿಡುತ್ತಿತ್ತು.

ಶನಿವಾರ ಎರಡನೆಯ ಕೈ ಹಚ್ಚಿದ. ಮೊದಲನೆಯದು ಇನ್ನೂ ಪೂರ್ತಿ ಆರಿರಲಿಲ್ಲ, ಒಂದು ದಿನ ಕಾಯಬಹುದಿತ್ತು. ಕಾಯಲಿಲ್ಲ. ಬಟ್ಟೆಯನ್ನು ಶೀನಣ್ಣ ಹೇಳಿದಂತೆ ಕಾಂಪೌಂಡಿನ ಮೇಲೆ ಹರವಿದ. ಅಡುಗೆಮನೆಯಲ್ಲಿ ಗಂಗರತ್ನಮ್ಮ ತಗ್ಗಿದ ದನಿಯಲ್ಲಿ ಹೇಳಿದಳು, ಹುಡುಗ ಬ್ಯಾಂಕಿನಲ್ಲಿದ್ದಾನೆ, ಅಪ್ಪ ಹನುಮಂತಯ್ಯ ವಿದ್ಯುತ್ ಇಲಾಖೆಯಲ್ಲಿ ದೊಡ್ಡ ಕೆಲಸ ಮಾಡಿದವರು. ನಮ್ಮವರೇ, ಆದರೆ ಎರಡು ತಲೆಮಾರಿನಿಂದ ಮೇಲೆ ಬಂದವರು. ಹುಡುಗಿಯ ಸೋದರತ್ತೆ ಏನು ಮಾಡುತ್ತಿದ್ದರು ಎಂದು ಕೇಳದೆ ಇರುತ್ತಾರೆಯೇ? ಶ್ರೀರಾಮಪುರದಲ್ಲಿ ಅಂಜಮ್ಮ ಇದ್ದಾಳಲ್ಲ, ನಿಮ್ಮಕ್ಕನ ಜೊತೆಯಲ್ಲಿ ಕೆಲಸ ಮಾಡಿದವಳು, ಒಂದು ದಿನ ಅವರು ಅಲ್ಲಿಗೆ ಹೋಗಿ ಬರಲಿ. "ನಾನೇನು ಅವರನ್ನ ಬೇಡ ಅಂದ್ನಾ? ಒಂದಿನ. ಮಗಳಿಗೋಸ್ಕರ." ಅವಳ ಮಾತಿನಲ್ಲಿ ಕಹಿಯಿರಲಿಲ್ಲ, ದಣಿವಿತ್ತು. ನೋಡೋಣ, ಎಂದ ಆಂಜಿನಯ್ಯ. ಅವನು ಬದುಕಿನಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಬಹುಶಃ ಇದೇ.

ಭಾನುವಾರ ಮಧ್ಯಾಹ್ನ ಸಿದ್ದಮ್ಮ ತಲೆಗೆ ಸ್ನಾನ ಮಾಡಿ, ಪೆಟ್ಟಿಗೆಯಿಂದ ತನ್ನ ಹಸಿರು ಸೀರೆ ತೆಗೆದು ಉಟ್ಟುಕೊಂಡಳು. ನೋಡಿದ ಕೂಡಲೇ ಆಂಜಿನಯ್ಯ, ಬಂದವರೆದುರು ಕೂರಲು ಸಿದ್ಧಳಾಗುತ್ತಿದ್ದಾಳೆ ಎಂದುಕೊಂಡ. ಅವನು ಬಯಸಿದ್ದು ಅದನ್ನೇ. ಎಣ್ಣೆ ತಂದದ್ದು ಅದಕ್ಕೇ, ಈಗ ಒಪ್ಪಿಕೊಳ್ಳಬಹುದಿತ್ತು. ತಾನು ಬಾಯಿಬಿಟ್ಟು ಹೇಳಲಾಗದ್ದನ್ನು ಒಂದು ಒದ್ದೆ ಬೆಂಚು ಮಾಡಿಬಿಡಲಿ ಎಂದು. ಆದರೆ ಅವಳನ್ನು ಹಸಿರು ಸೀರೆಯಲ್ಲಿ ಕಂಡಾಗ ಮೊದಲು ಬಂದದ್ದು ಸಂತೋಷವಲ್ಲ, ಹೆದರಿಕೆ. ಮೂರೂವರೆಗೆ ಕುರ್ಚಿಗಳನ್ನು ಸರಿಸುವಾಗ ಓಣಿಯ ಕಡೆ ನೋಡಿದರೆ ಅವಳಿರಲಿಲ್ಲ. ಗೂಟಕ್ಕೆ ನೇತುಹಾಕಿರುತ್ತಿದ್ದ ಅವಳ ಬಟ್ಟೆಚೀಲವೂ ಇರಲಿಲ್ಲ. ಗಂಗರತ್ನಮ್ಮ ಅವನ ಮುಖ ನೋಡಿ, ಅವರೇ ಹೋದರು, ನಾನೊಂದು ಮಾತೂ ಆಡಲಿಲ್ಲ ಎಂದಳು. ಅದು ನಿಜವೆಂದು ಅವನಿಗೆ ಗೊತ್ತಿತ್ತು. ಹೆದರಿಕೆ ಹೋದ ಹಗುರ ಎದೆಯಲ್ಲಿ ಕೂತಿತು. ಅದರ ಮೇಲೇ ಅಸಹ್ಯವೂ ಬಂದು ಕೂತಿತು.

ಹನುಮಂತಯ್ಯ ಒಳ್ಳೆಯ ಮನುಷ್ಯರು. ಬರುವಾಗಲೇ ಬೆಂಚಿನ ಮೇಲೆ ಕೈಯಿಟ್ಟು, ಅಂಟಿದ ಎಣ್ಣೆಯನ್ನು ಮೂಸಿ ನೋಡಿ, ಅಗಸೆ ಎಣ್ಣೆ ಅಲ್ಲವೇ, ಈಗ ಯಾರು ಇಷ್ಟು ಕಷ್ಟಪಡುತ್ತಾರೆ ಎಂದು ಮೆಚ್ಚಿ, ಕರ್ಚೀಫಿನಲ್ಲಿ ಬೆರಳೊರೆಸಿಕೊಂಡರು. ಹುಡುಗ ನಾಚಿಕೆಯ ಸ್ವಭಾವದವನು. ಗೌತಮಿ ಕಾಫಿ ತಂದಿಟ್ಟಾಗ ಎರಡೂ ಕಡೆ ಒಪ್ಪಿಗೆಯ ನಗು ಹರಿದಾಡಿತು. ಎಲ್ಲ ಸುಲಭವಾಗಿ ನಡೆಯುತ್ತಿತ್ತು. ಹನುಮಂತಯ್ಯ ತಾವು ಬೀದಿ ದೀಪದಲ್ಲಿ ಓದಿದ್ದು ಹೇಳಿಕೊಂಡರು, ಅದರಲ್ಲಿ ಅವರಿಗೆ ಹೆಮ್ಮೆಯಿತ್ತು, ಮುಚ್ಚುಮರೆಯಿರಲಿಲ್ಲ. ಆಮೇಲೆ ಕಪ್ಪು ಕೆಳಗಿಟ್ಟು ಕೇಳಿದರು, "ತಂದೆ ಚಿಕ್ಕಂದಿನಲ್ಲೇ ಹೋದ್ರು ಅಂದ್ರಿ. ಮತ್ತೆ ನಿಮ್ಮನ್ನ ಓದಿಸಿದ್ದು ಯಾರು?"

ಆಂಜಿನಯ್ಯ ಹೆಂಡತಿಯತ್ತ ನೋಡಲಿಲ್ಲ. "ಹೇಗೋ ಆಯ್ತು," ಎಂದ.

ಇಪ್ಪತ್ತೈದು ವರ್ಷ, ಬೆಳಗಿನ ಐದು ಗಂಟೆ, ಚಾಮರಾಜಪೇಟೆಯ ಐದು ರಸ್ತೆಗಳು, ಎಲ್ಲವೂ ಆ 'ಹೇಗೋ' ಒಳಗೆ ಹೋಗಿ ಮುಚ್ಚಿಕೊಂಡವು. ಹೌದು ಹೌದು, ಆಗಿನ ಕಾಲವೇ ಹಾಗೆ, ಎಂದು ಹನುಮಂತಯ್ಯ ತಲೆಯಾಡಿಸಿದರು. ಮಾತು ಬೇರೆ ಕಡೆಗೆ ತಿರುಗಿತು. ಇವರಿಗೆ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಅವರ ಮುಖ ನೋಡುತ್ತ ಅವನಿಗನಿಸಿತು. ಬಹುಶಃ ಸಂತೋಷಪಡುತ್ತಿದ್ದರು. ಏಳು ವರ್ಷದಿಂದ ತಾನು ಕಾಯುತ್ತಿದ್ದುದು ಇಂಥ ಒಬ್ಬರು ಇಂಥದೇ ಪ್ರಶ್ನೆ ಕೇಳಲಿ ಎಂದು. ಅವರು ಕೇಳಿದರು. ಅವನು ಎದ್ದ. ಎಲೆ ಅಡಿಕೆ ತರುವುದು ಮರೆತೆ, ಈಗ ಬಂದೆ, ಎಂದ. ತಟ್ಟೆಯಲ್ಲಿ ಎಲೆ ಅಡಿಕೆ ಕಣ್ಣೆದುರಿಗೇ ಇತ್ತು. ಹೋಗಲೂ ಅವನಿಗೊಂದು ಸುಳ್ಳು ಬೇಕಾಯಿತು.

ಬಸ್ ಸ್ಟಾಪಿನ ಪಕ್ಕದ ಮೋರಿಕಟ್ಟೆಯ ಮೇಲೆ ಸಿದ್ದಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎರಡು ಬಸ್ಸು ನಿಲ್ಲಿಸದೆ ಹೋದವಂತೆ. ಅವನನ್ನು ಕಂಡು ಗಾಬರಿಯಾಗಿ, ಮನೇಲಿ ಜನ ಇದ್ದಾರಲ್ಲ, ಯಾಕೆ ಬಂದೆ ಎಂದಳು. ಅವನು ಅವಳ ಪಕ್ಕ ಕೂತ. ಕಟ್ಟೆ ಬಿಸಿಲಿಗೆ ಕಾದಿತ್ತು. ಮನೆಗೆ ಬಾ, ಎಂದ. ಅಂಜಮ್ಮನ ಮನೆಗೆ ಹೊರಟಿದ್ದೇನೆ, ಅವಳ ಸೊಸೆಗೆ ಬಾಣಂತನ, ಕೈಗೊಬ್ಬರು ಬೇಕಂತೆ, ಅಲ್ಲೇ ಇರುತ್ತೇನೆ ಎಂದಳು. ಎಷ್ಟು ದಿನ ಎಂದು ಕೇಳಿದ್ದಕ್ಕೆ ಬಸ್ಸು ಬರುವ ದಿಕ್ಕಿಗೆ ಕತ್ತು ಚಾಚಿ ನೋಡಿದಳು. ಚೀಲದ ಬಾಯಿಯಿಂದ ಅವಳ ಇನ್ನೆರಡು ಸೀರೆಗಳೂ ಕಾಣುತ್ತಿದ್ದವು. ಅವಳಿಗಿದ್ದದ್ದೇ ಮೂರು.

"ಅಕ್ಕ, ಆವತ್ತು ಆ ಆಫೀಸರ್ ಬಂದಿದ್ದಾಗ," ಎಂದು ಶುರು ಮಾಡಿದ.

"ನಂಗೆ ಕೇಳಿಸ್ತು," ಎಂದಳು ಸಿದ್ದಮ್ಮ.

ಒಂದು ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಧೂಳು ಕೂರುವವರೆಗೂ ಕಾದು, ಆಮೇಲೆ ಹೇಳಿದಳು. "ಅದಕ್ಕಲ್ಲ ಕಣೋ. ಆ ಜಾಗದಲ್ಲಿ ನಾನಿದ್ರೂ ಅದನ್ನೇ ಅಂತಿದ್ನೋ ಏನೋ. ಹೆದರಿಕೆ ಇತ್ತು ನಿಂಗೆ. ಆಮೇಲೆ ಏಳು ವರ್ಷ ಆಯ್ತಲ್ಲ. ಒಂದಿನ ನೀನು ಒಳಗೆ ಬಾ ಅಂತೀಯ ಅಂತ ನೋಡ್ತಿದ್ದೆ." ಚೀಲದ ಬಾಯಿ ಮಡಿಸಿದಳು. "ನೀನು ಬೆಂಚಿಗೆ ಎಣ್ಣೆ ತಂದೆ."

ಕೋಪವಿರಲಿಲ್ಲ. ಇದ್ದಿದ್ದರೆ ಅವನು ಏನಾದರೂ ಹೇಳಬಹುದಿತ್ತು. ನೀನು ಹೊರಗೆ ಕೂರದ ಹಾಗೆ ಮಾಡಲೆಂದೇ ತಂದೆ ಎನ್ನುವುದು ನಾಲಿಗೆಯವರೆಗೂ ಬಂತು. ಬಿಸಿಲಿನಲ್ಲಿ, ಅವಳ ಮುಖದೆದುರು, ಅದು ಮೂರ್ಖತನದ ಮಾತಾಗಿ ಕಂಡಿತು. ಬಾ ಎನ್ನಲು ಒಂದಕ್ಷರ ಸಾಕಾಗಿತ್ತು. ಅವನು ನಗರ್ತಪೇಟೆಯವರೆಗೂ ಹೋಗಿದ್ದ. ಗೌತಮಿಗೆ ಹುಡುಗ ಒಪ್ಪಿಗೆಯಾದನೇ ಎಂದು ಅವಳು ಕೇಳಿದಳು. ಆದ ಎಂದ. ಬಣ್ಣ ಹೇಗೆ, ಮಾತು ಹೇಗೆ ಎಂದು ಒಂದೊಂದನ್ನೇ ಕೇಳಿ ತಿಳಿದುಕೊಂಡು, ಒಳ್ಳೆಯದಾಯಿತು ಎಂದು ಎರಡು ಸಲ ಹೇಳಿದಳು. ಮದುವೆಗೆ ಬರುತ್ತೇನೆ ಎಂದಳು. ಊರಿನಿಂದ ಬರುವ ನೆಂಟರು ಹೇಳುವ ಹಾಗೆ ಹೇಳಿದಳು.

ಬಸ್ಸು ಬಂತು. ಸಿದ್ದಮ್ಮ ಮುಂದಿನ ಬಾಗಿಲಿನಿಂದ ಹತ್ತಿದಳು. ಹೋಗು, ಕಾಯುತ್ತಿರುತ್ತಾರೆ, ಎಂದು ಕೈಸನ್ನೆ ಮಾಡಿದಳು. ಕುರ್ಚಿಗಳಲ್ಲಿ ಕೂತಿರುವ ಜನ, ಬಾಗಿಲು ನೋಡುತ್ತಿರುವ ಗಂಗರತ್ನಮ್ಮ, ಎಲ್ಲವೂ ಅವನ ಕಣ್ಣ ಮುಂದೆ ಬಂದವು. ಬಸ್ಸು ಹೊರಟಾಗ ಅವನು ಓಡಿ ಹಿಂದಿನ ಬಾಗಿಲಿನ ಕಂಬಿ ಹಿಡಿದು ಹತ್ತಿಕೊಂಡ. ಹತ್ತಿದ್ದು ಅವಳಿಗೆ ಗೊತ್ತಾಗಲಿಲ್ಲ. ಭಾನುವಾರದ ಜನ ಕಿಕ್ಕಿರಿದಿದ್ದರು; ತಲೆಗಳ ಸಂದಿಯಲ್ಲಿ ಅವಳಿಗೆ ಯಾರೋ ಸೀಟು ಬಿಟ್ಟುಕೊಟ್ಟದ್ದು, ಅವಳು ಕಿಟಕಿಯ ಪಕ್ಕ ಕೂತು ಚೀಲವನ್ನು ಮಡಿಲಿಗೆಳೆದುಕೊಂಡದ್ದು ಕಂಡಿತು.

ಕಂಡಕ್ಟರು ಚರ್ಮದ ಚೀಲ ಒತ್ತಿಕೊಂಡು ನುಗ್ಗಿಬಂದ. ಮೆಜೆಸ್ಟಿಕ್ಕಿಗೆ ಎರಡು, ಎಂದ ಆಂಜಿನಯ್ಯ; ಶ್ರೀರಾಮಪುರಕ್ಕೆ ಅಲ್ಲಿಂದ ಬಸ್ಸು ಬದಲಿಸಬೇಕಿತ್ತು. ಇನ್ನೊಂದು ಯಾರಿಗೆ ಎಂದು ಕಂಡಕ್ಟರು ಸಿಡುಕಿನಲ್ಲೇ ಕೇಳಿದ. ಮುಂದೆ ಕೂತಿದ್ದಾರೆ, ಎಂದರೆ ಅವನಿಗೆ ಸಾಲದು. "ಮುಂದೆ ಅಂದ್ರೆ? ಯಾರು?"

"ಹಸಿರು ಸೀರೆ. ಕಿಟಕಿ ಹತ್ರ," ಎಂದ. ಆಮೇಲೆ, ಬೇಕಾದ್ದಕ್ಕಿಂತ ದೊಡ್ಡ ದನಿಯಲ್ಲಿ, "ನಮ್ಮಕ್ಕ," ಎಂದ.

ಹತ್ತಿರ ನಿಂತಿದ್ದ ಒಬ್ಬಿಬ್ಬರು ತಿರುಗಿ ನೋಡಿ ಮತ್ತೆ ಕಿಟಕಿಯ ಕಡೆ ಮುಖ ಮಾಡಿದರು. ಮುಂದಿನ ಸೀಟಿನವರೆಗೆ ಆ ಮಾತು ಹೋಗಲಿಲ್ಲ. ಕಂಡಕ್ಟರು ಎರಡು ಚೀಟಿ ಹರಿದು ಅವನ ಕೈಗಿಟ್ಟು, ಒಳಗೆ ಹೋಗಿ, ಒಳಗೆ ಹೋಗಿ ಎನ್ನುತ್ತ ಮುಂದಕ್ಕೆ ಸರಿದ.